ಮೂರು ತಲೆಮಾರಿನ ಮನೆಗೆ ಕಪಾಟು: ಗೋಡೆಗಿಂತ ಮೊದಲು ಜನರ ಅಳತೆ

ಬಡಗಿ ಮನೆಗೆ ಬಂದೊಡನೆ ಟೇಪು ಬಿಚ್ಚುವುದು ಗೋಡೆಯ ಮೇಲೆ. ಇಬ್ಬರೇ ಇರುವ ಮನೆಗೆ ಅದು ನಡೆದೀತು. ಎಪ್ಪತ್ತೈದರ ಅಜ್ಜಿ, ನಲವತ್ತರ ಸೊಸೆ, ಆರು ವರ್ಷದ ಮೊಮ್ಮಗ ಒಂದೇ ಸೂರಿನಡಿ ಇದ್ದರೆ, ಗೋಡೆಯ ಅಳತೆಗೆ ಕೂರಿಸಿದ ಕಪಾಟು ಯಾರ ಕೈಗೂ ಪೂರ್ತಿ ಒದಗುವುದಿಲ್ಲ. ಅಜ್ಜಿಯ ಸೀರೆ ಮೇಲಿನ ಖಾನೆಗೆ ಹೋಗುತ್ತದೆ, ಔಷಧಿ ಮೊಮ್ಮಗನ ಕೈಗೆ ಸಿಗುತ್ತದೆ, ಸೊಸೆಗೆ ಅಡುಗೆ ಕಟ್ಟೆಯ ಮುಂದೆ ಬೆನ್ನು ಹಿಡಿದುಕೊಳ್ಳುತ್ತದೆ. ಇವೆಲ್ಲ ನಕ್ಷೆಯಲ್ಲೇ ಆದ ತಪ್ಪುಗಳು. ಬಡಗಿ ಎಷ್ಟು ಚೊಕ್ಕವಾಗಿ ಕೆಲಸ ಮಾಡಿದರೂ ಆಮೇಲೆ ಸರಿಹೋಗುವುದಿಲ್ಲ.

ಆದ್ದರಿಂದ ಮನೆಯ ಪ್ರತಿಯೊಬ್ಬರದೂ ನಾಲ್ಕು ಅಳತೆ ತೆಗೆದುಕೊಳ್ಳಿ: ನಿಂತಾಗ ನೆಲದಿಂದ ಮೊಣಕೈ, ನೆಲದಿಂದ ಹೆಗಲು, ಕೈ ಎತ್ತಿದಾಗ ನೋವಿಲ್ಲದೆ ಮುಟ್ಟುವ ಎತ್ತರ, ಮಂಡಿ ಮಡಿಸದೆ ಬೆರಳು ತಾಗುವ ತಗ್ಗು. ಹಿರಿಯರ ಅಳತೆಯನ್ನು ಬೆಳಿಗ್ಗೆ ಎದ್ದ ಹೊತ್ತಿನಲ್ಲಿ ತೆಗೆಯುವುದು ಒಳ್ಳೆಯದು. ಕೀಲುಗಳು ಬಿಗಿದಿರುವ ಆ ಹೊತ್ತಿಗೆ ಕೈಗೆಟುಕಿದ್ದು ದಿನವಿಡೀ ಎಟುಕುತ್ತದೆ. ಸಾಮಾನ್ಯವಾಗಿ ಹಿರಿಯರಿಗೆ ಬಗ್ಗದೆ, ಚಾಚದೆ ಸಿಗುವ ಪಟ್ಟಿ ನೆಲದಿಂದ 18 ಇಂಚಿನಿಂದ 54 ಇಂಚಿನವರೆಗೆ. ಆ ಮೂರಡಿ ಮನೆಯ ಅತ್ಯಂತ ಬೆಲೆಬಾಳುವ ಜಾಗ. ಅದನ್ನು ಮೊದಲು ಹಿರಿಯರಿಗೆ ಬರೆದಿಟ್ಟು, ಅದರ ಮೇಲಿನದನ್ನು ನಡುವಯಸ್ಸಿನವರಿಗೂ ಕೆಳಗಿನದನ್ನು ಮಕ್ಕಳಿಗೂ ಹಂಚಿ. ಬಹಳ ಮನೆಗಳಲ್ಲಿ ಈ ಪಟ್ಟಿಗೆ ಟಿವಿ ಘಟಕವೋ ಷೋಕೇಸೋ ಬಂದು ಕೂತಿರುತ್ತದೆ.

ನಕ್ಷೆ ಕಾಗದದ ಮೇಲೆ ಒಪ್ಪಿಗೆಯಾದರೂ ಮರ ಕೊಯ್ಯಲು ಬಿಡಬೇಡಿ. ಗೋಡೆಯ ಮೇಲೆ ಮಾಸ್ಕಿಂಗ್ ಟೇಪಿನಲ್ಲಿ ಖಾನೆಗಳ ಗೆರೆ ಎಳೆದು, ಅಜ್ಜಿಯನ್ನು ನಿಲ್ಲಿಸಿ ಪ್ರತಿ ಗೆರೆ ಮುಟ್ಟಿಸಿ ನೋಡಿ.

ಅಡುಗೆಮನೆ

ಕಟ್ಟೆಯ ಎತ್ತರಕ್ಕೆ ಲೆಕ್ಕ ಸರಳ: ಮೊಣಕೈ ಎತ್ತರದಿಂದ 4ರಿಂದ 6 ಇಂಚು ಕಳೆಯಿರಿ. ಐದಡಿ ಎತ್ತರದವರಿಗೆ ಇದು ಸುಮಾರು 33 ಇಂಚು, ಐದೂವರೆ ಅಡಿಯವರಿಗೆ 36ರ ಮೇಲೆ. ಅತ್ತೆ ಸೊಸೆಯರ ನಡುವೆ ಮೂರು ಇಂಚಿನ ವ್ಯತ್ಯಾಸ ಸಾಮಾನ್ಯ. ನಡುವಿನ ಅಳತೆ ಹಿಡಿದು 34½ ಮಾಡಿಬಿಡೋಣ ಅನ್ನಿಸುತ್ತದೆ. ಹಾಗೆ ಮಾಡಿದರೆ ಇಬ್ಬರಿಗೂ ಅಷ್ಟಿಷ್ಟು ತೊಂದರೆಯೇ. ದಿನಕ್ಕೆ ಹೆಚ್ಚು ಹೊತ್ತು ನಿಲ್ಲುವವರ ಅಳತೆಗೆ ಮುಖ್ಯ ಕಟ್ಟೆ ಮಾಡಿ, ಇನ್ನೊಬ್ಬರಿಗೆ ಬೇರೆ ಎತ್ತರದ ಎರಡನೇ ಜಾಗ ಕೊಡಿ.

ಆ ಎರಡನೇ ಜಾಗ ಕೂತು ಕೆಲಸ ಮಾಡುವಂತಿದ್ದರೆ ಉತ್ತಮ. ಸೊಪ್ಪು ಬಿಡಿಸುವುದು, ಅವರೆಕಾಳು ಸುಲಿಯುವುದು, ತರಕಾರಿ ಹೆಚ್ಚುವುದು ಹಿರಿಯರು ಬಿಟ್ಟುಕೊಡದ ಕೆಲಸಗಳು. ಈಳಿಗೆ ಮಣೆಯ ಮುಂದೆ ನೆಲದಲ್ಲಿ ಕೂರಲು ಮಂಡಿ ಒಪ್ಪದಾಗ 29 ಇಂಚು ಎತ್ತರದ ಹಲಗೆಯೊಂದು ಸಾಕು. ಕೆಳಗೆ ಕಾಲಿಗೆ 27 ಇಂಚು ಎತ್ತರ, 30 ಇಂಚು ಅಗಲ, 19 ಇಂಚು ಆಳ ಖಾಲಿ ಬಿಟ್ಟರೆ ಕುರ್ಚಿ ಒಳಗೆ ಸರಿಯುತ್ತದೆ, ಮುಂದೆ ಬೇಕಾದರೆ ಗಾಲಿಕುರ್ಚಿಯೂ. ಹಲಗೆಯನ್ನು ಎಳೆದು ತೆಗೆಯುವಂತೆ ಮಾಡುವುದಾದರೆ ಎಳೆದ ಮೇಲೆ ಬೀಗ ಬೀಳುವ ಚಾನೆಲ್ಲೇ (ಹಲಗೆ ಜಾರುವ ಲೋಹದ ಹಳಿ) ಬೇಕು. ಇಲ್ಲವಾದರೆ ಕೈಯೂರಿ ಏಳುವಾಗ ಹಲಗೆ ಒಳಕ್ಕೆ ಜಾರುತ್ತದೆ.

ಒಲೆಯ ಭಾಗ ಇನ್ನೂ ತಗ್ಗಾಗಿರಬೇಕು. ಒಲೆಯ ಎತ್ತರ, ಅದರ ಮೇಲೆ ಕುಕ್ಕರು ಸೇರಿದಾಗ ಕೈ ಹೆಗಲಿನ ಮಟ್ಟಕ್ಕೆ ಬರುತ್ತದೆ. ಮುಖ್ಯ ಕಟ್ಟೆಗಿಂತ 3 ಇಂಚು ತಗ್ಗಿಸಿದರೆ ಒಳಗೆ ಇಣುಕಿ ಸೌಟಾಡಿಸಬಹುದು. ಆದರೆ ಈ ಮೆಟ್ಟಿಲನ್ನು ಕಟ್ಟೆಯ ನಡುವೆ ತರಬೇಡಿ. ಪಾತ್ರೆ ಸರಿಸುವಾಗ ಎಡವುತ್ತದೆ, ನೀರು ಆ ಸಂದಿಯಲ್ಲೇ ನಿಲ್ಲುತ್ತದೆ. ಮೂಲೆಯಲ್ಲಿ, ಕಟ್ಟೆ ತಿರುಗುವ ಕಡೆ ಕೊಡಿ.

ಕಟ್ಟೆಯ ಕೆಳಗೆ ಕದ ತೆರೆದು ಬಗ್ಗಿ ನೋಡುವ ಖಾನೆಗಳಿಗಿಂತ ಡ್ರಾಯರುಗಳೇ ಮೇಲು. 22 ಇಂಚು ಆಳದ ಖಾನೆಯಲ್ಲಿ ಹಿಂದಿನ ಅರ್ಧಕ್ಕೆ ಹಿರಿಯರ ಕೈ ಹೋಗುವುದೇ ಇಲ್ಲ. ಮೇಲಿನ ಡ್ರಾಯರಿಗೆ 5 ಇಂಚು (ಚಮಚ, ಒಗ್ಗರಣೆ ಡಬ್ಬಿ), ಎರಡನೆಯದಕ್ಕೆ 8 ಇಂಚು (ಬಟ್ಟಲು, ತಟ್ಟೆ), ಕೆಳಗಿನದಕ್ಕೆ 12 ಇಂಚು (ಕುಕ್ಕರು, ಬಾಣಲೆ). ಮಾಮೂಲಿ ಬಾಲ್‌ಬೇರಿಂಗ್ ಚಾನೆಲ್ ತಡೆಯುವ ಭಾರ ಸುಮಾರು 35 ಕೆಜಿ. 25 ಕೆಜಿ ಅಕ್ಕಿ ಮೂಟೆಯನ್ನು ಅದರ ಮೇಲೆ ಹಾಕಿ ದಿನಕ್ಕೆ ಹತ್ತು ಸಲ ಎಳೆದರೆ ಚಾನೆಲ್ ಬೇಗ ಸವೆದು ಡ್ರಾಯರು ಮೂಗು ತಗ್ಗಿಸುತ್ತದೆ. ಅಕ್ಕಿಗೆ ಚಕ್ರದ ಪೆಟ್ಟಿಗೆ ಮಾಡಿ, ತೆರೆದ ಖಾನೆಯಲ್ಲಿ ನೆಲದ ಮೇಲೆ ತಳ್ಳಿಡಿ. ಉಪ್ಪಿನಕಾಯಿ ಭರಣಿ ಲೋಹದ ಚಾನೆಲಿನ ಹತ್ತಿರ ಬೇಡ. ಉಪ್ಪು ತುಕ್ಕು ತರುತ್ತದೆ. ಅದಕ್ಕೆ ಕಡಪ ಕಲ್ಲಿನ ಖಾನೆಯೇ ಸರಿ.

ರುಬ್ಬುವ ಗ್ರೈಂಡರು ಹತ್ತು ಕೆಜಿಗೂ ಮೇಲೆ ತೂಗುತ್ತದೆ. ಅದನ್ನು ಒಳಗಿಟ್ಟು ಬೇಕಾದಾಗ ಎತ್ತಿ ತರುತ್ತೇವೆ ಅಂದುಕೊಂಡವರು ಒಂದು ತಿಂಗಳಲ್ಲಿ ಕಟ್ಟೆಯ ಮೇಲೇ ಬಿಡುತ್ತಾರೆ. ಸಿಂಕಿನ ಪಕ್ಕ 28ರಿಂದ 30 ಇಂಚು ಎತ್ತರದಲ್ಲಿ ಅದಕ್ಕೆ ಕಾಯಂ ಜಾಗ ಕೊಟ್ಟು ಸಾಕೆಟ್ಟನ್ನು ಮೊದಲೇ ಹಾಕಿಸಿ.

14.2 ಕೆಜಿ ಸಿಲಿಂಡರಿನ ಖಾನೆಗೆ ಒಳಗಡೆ ಕನಿಷ್ಠ 15 ಇಂಚು ಅಗಲ, 28 ಇಂಚು ಎತ್ತರ ಬೇಕು. ಗ್ಯಾಸು ಗಾಳಿಗಿಂತ ಭಾರವಾದ್ದರಿಂದ ಸೋರಿದರೆ ಕೆಳಗೆ ಕೂರುತ್ತದೆ. ಹಾಗಾಗಿ ಗಾಳಿಕಿಂಡಿ ಕದದ ಬುಡದಲ್ಲಿರಬೇಕು. ಮೇಲೆ ಮಾತ್ರ ಕೊಟ್ಟರೆ ಇದ್ದೂ ಇಲ್ಲದಂತೆ.

ವಾರ್ಡ್‌ರೋಬ್

ಹಿರಿಯರ ಕೋಣೆಯ ವಾರ್ಡ್‌ರೋಬಿನಲ್ಲಿ ಬಟ್ಟೆ ತೂಗುಹಾಕುವ ಸರಳು 56 ಇಂಚಿಗೆ ಇರಲಿ. 4 ಇಂಚಿನ ಸ್ಕರ್ಟಿಂಗ್ (ನೆಲಕ್ಕೆ ತಾಗುವ ಬುಡದ ಪಟ್ಟಿ), ಅದರ ಮೇಲೆ 10 ಇಂಚಿನ ಡ್ರಾಯರು ಬಿಟ್ಟು ಸರಳಿನ ಕೆಳಗೆ 42 ಇಂಚು ಸಿಗುತ್ತದೆ, ಅಂಗಿಗೆ ಸಾಕು. ಸೀರೆಯನ್ನು ನೀವು ಮಡಿಸುವ ರೀತಿಯಲ್ಲೇ ಹ್ಯಾಂಗರಿಗೆ ಹಾಕಿ ಒಮ್ಮೆ ಅಳೆದುಕೊಳ್ಳಿ. ಜರಿಯ ರೇಷ್ಮೆ ಸೀರೆ ತೂಗುಹಾಕಿದರೆ ಮಡಿಕೆಯಲ್ಲಿ ಸೀಳುತ್ತದೆ. ಅದಕ್ಕೆ ಹತ್ತಿ ಬಟ್ಟೆ ಹಾಸಿದ 6 ಇಂಚಿನ ತೆಳು ಡ್ರಾಯರುಗಳು ಬೇಕು. ಹದಿನೈದು ಸೀರೆ ಪೇರಿಸಿದ ಖಾನೆಯಲ್ಲಿ ಅಡಿಯದನ್ನು ಎಳೆಯುವ ಸರ್ಕಸ್ಸು ಯಾರಿಗೆ ಬೇಕು?

ಕದದ ಅಗಲ 18 ಇಂಚು ಮೀರದಿರಲಿ. 24 ಇಂಚಿನ ಕದ ತೆರೆಯಲು ಹಿರಿಯರು ಹಿಂದಕ್ಕೆ ಹೆಜ್ಜೆ ಇಡಬೇಕಾಗುತ್ತದೆ, ಬೀಳುವುದು ಆಗಲೇ. ಒತ್ತಿದರೆ ತೆರೆಯುವ, ಹಿಡಿಯಿಲ್ಲದ ಕದಗಳು ನೋಡಲು ಚೆನ್ನ, ಆದರೆ ಕೈಯೂರಿದ ಕ್ಷಣವೇ ತೆರೆದುಕೊಳ್ಳುತ್ತವೆ. ರಂಧ್ರದಿಂದ ರಂಧ್ರಕ್ಕೆ 160 ಅಥವಾ 192 ಮಿಮೀ ಇರುವ ಡಿ ಆಕಾರದ ಹಿಡಿ ಹಾಕಿ, ನಾಲ್ಕು ಬೆರಳು ಒಳಗೆ ಹೋಗುತ್ತವೆ. ಸಂಧಿವಾತವಿದ್ದವರಿಗೆ ಗುಂಡು ಗುಬಟೆ ಹಿಡಿಯುವುದೇ ಕಷ್ಟ.

6 ಅಡಿ ಅಗಲ, 7 ಅಡಿ ಎತ್ತರ, 2 ಅಡಿ ಆಳದ ಇಂಥ ವಾರ್ಡ್‌ರೋಬಿಗೆ ಪ್ಲೈವುಡ್ ಲೆಕ್ಕ ಹೀಗೆ. 3 ಅಡಿಯ ಎರಡು ಪೆಟ್ಟಿಗೆ: ಒಂದು ತೂಗುವುದಕ್ಕೆ, ಇನ್ನೊಂದು ಖಾನೆಗಳಿಗೆ, ಖಾನೆಯದಕ್ಕೆ ನಡುವೆ ಒಂದು ಅಡ್ಡಗೋಡೆ. 8×4 ಅಡಿಯ ಹಾಳೆಯನ್ನು ಉದ್ದಕ್ಕೆ ಸೀಳಿದರೆ 23¾ ಇಂಚಿನ ಎರಡು ಪಟ್ಟಿ ಬರುತ್ತವೆ. ಪಕ್ಕದ ನಾಲ್ಕು ಹಲಗೆ ಮತ್ತು ಅಡ್ಡಗೋಡೆಗೆ 5 ಪಟ್ಟಿ. ಮೇಲು, ತಳ, ಖಾನೆಗಳಿಗೆ 4 ಪಟ್ಟಿ. ನಾಲ್ಕು ಕದಕ್ಕೆ 2 ಪೂರ್ತಿ ಹಾಳೆ. ಒಟ್ಟು 18 ಮಿಮೀ ಹಾಳೆ 7, ಬೆನ್ನಿಗೆ 8 ಮಿಮೀ ಹಾಳೆ 2. ಉಳಿದ ಪಟ್ಟಿ ಡ್ರಾಯರಿನ ಬದಿಗೆ, ಕದದ ಹಾಳೆಯಲ್ಲಿ ಉಳಿಯುವ 12 ಇಂಚಿನ ತುಂಡು ಸ್ಕರ್ಟಿಂಗಿಗೆ. ಇದಕ್ಕೆ ಹತ್ತು ಹಾಳೆ ಕೇಳುವ ಬಡಗಿಗೆ ಕೊಯ್ಯುವ ಪಟ್ಟಿ ಬರೆದು ತೋರಿಸಲು ಹೇಳಿ. ಹಾಳೆ ಉಳಿಸಲೆಂದು ಅಡ್ಡಗೋಡೆಯನ್ನು ಮಾತ್ರ ಬಿಡಬೇಡಿ: 30 ಇಂಚಿಗಿಂತ ಉದ್ದದ 18 ಮಿಮೀ ಖಾನೆ ಬಟ್ಟೆಯ ಭಾರಕ್ಕೆ ವರ್ಷಗಳಲ್ಲಿ ಬಾಗುತ್ತದೆ.

80 ಇಂಚಿನ ಕದಕ್ಕೆ ನಾಲ್ಕು ಹಿಂಜು (ಕದ ತಿರುಗುವ ಕೀಲು) ಬೇಕು. ಮೂರಕ್ಕೇ ಮುಗಿಸಿದರೆ ಮೇಲಿನದರ ಸ್ಕ್ರೂ ಮೊದಲು ಕಿತ್ತು ಬರುತ್ತದೆ. ಕದದ ಒಳಗೆ ಡ್ರಾಯರು ಬರುವ ಕಡೆ ಒಂದು ಕಿತಾಪತಿ ಕಾದಿರುತ್ತದೆ. ಸಾಮಾನ್ಯ ಹಿಂಜು ತೆರೆದಾಗ ಕದ ಪೂರ್ತಿ ಪಕ್ಕಕ್ಕೆ ಸರಿಯದೆ ಡ್ರಾಯರಿಗೆ ತಡೆಯಾಗುತ್ತದೆ. ಹಿಂಜಿನ ಬದಿಗೆ 18 ಮಿಮೀ ಪಟ್ಟಿ ಕೊಟ್ಟು ಚಾನೆಲ್ಲನ್ನು ಒಳಕ್ಕೆ ತಳ್ಳಿ, ಇಲ್ಲವೇ 165 ಡಿಗ್ರಿ ಹಿಂಜು ಹಾಕಿ. ಡ್ರಾಯರಿನ ಹೊರ ಅಗಲ ಆ ಜಾಗಕ್ಕಿಂತ 26 ಮಿಮೀ ಕಡಿಮೆ ಇರಬೇಕು, ಪ್ರತಿ ಬದಿಗೆ 13ರಂತೆ.

ಮಕ್ಕಳ ಕೋಣೆಗೆ ಬದಲಾಗುವ ಕಪಾಟು ಮಾಡಿ. ಪಕ್ಕದ ಹಲಗೆಯಲ್ಲಿ 32 ಮಿಮೀಗೆ ಒಂದರಂತೆ 5 ಮಿಮೀ ರಂಧ್ರಗಳ ಸಾಲು ಕೊರೆಸಿದರೆ ಖಾನೆಯನ್ನು ಎಲ್ಲಿ ಬೇಕಾದರೂ ಕೂರಿಸಬಹುದು. ಸರಳು ಈಗ 38 ಇಂಚಿಗೆ, ಹೈಸ್ಕೂಲಿಗೆ ಹೋಗುವ ಹೊತ್ತಿಗೆ 60ಕ್ಕೆ. ಮಕ್ಕಳು ಡ್ರಾಯರುಗಳನ್ನು ಮೆಟ್ಟಿಲು ಮಾಡಿಕೊಂಡು ಹತ್ತುತ್ತಾರೆ. ಎತ್ತರದ ಕಪಾಟನ್ನು ಎಲ್-ಪಟ್ಟಿಯಿಂದ ಗೋಡೆಗೆ ಬಿಗಿಯಲೇಬೇಕು. ಹೊಸ ಅಪಾರ್ಟ್‌ಮೆಂಟುಗಳ ಹಗುರ ಎಎಸಿ (ಒಳಗೆ ಗಾಳಿಗುಳ್ಳೆಗಳಿರುವ ಕಾಂಕ್ರೀಟ್) ಬ್ಲಾಕಿನ ಗೋಡೆಯಲ್ಲಿ ಮಾಮೂಲಿ ಪ್ಲಗ್ಗು ನಿಲ್ಲುವುದಿಲ್ಲ. ಆ ಬ್ಲಾಕಿಗೆಂದೇ ಬರುವ ಆಂಕರ್ ಕೇಳಿ ತನ್ನಿ.

ಔಷಧಿಗೆ 6 ಇಂಚು ಆಳದ, ಬೀಗವಿರುವ ಪುಟ್ಟ ಖಾನೆಯನ್ನು ಅಜ್ಜ-ಅಜ್ಜಿಯ ಕಣ್ಣೆತ್ತರದಲ್ಲಿ ಇಡಿ. ಎತ್ತರ ಒಂದನ್ನೇ ನಂಬಬೇಡಿ, ಮಗು ಕುರ್ಚಿ ಎಳೆದುಕೊಂಡು ಹೋಗುತ್ತದೆ.

ದೇವರ ಕಪಾಟು ಮತ್ತು ಅಟ್ಟ

ಕಪಾಟಿನೊಳಗೆ ದೀಪ ಹಚ್ಚುವುದಾದರೆ ಜ್ವಾಲೆಯ ಮೇಲೆ 24 ಇಂಚಾದರೂ ಖಾಲಿ ಬಿಟ್ಟು, ಬೆನ್ನಿಗೆ ಗ್ರಾನೈಟ್ ಅಥವಾ ಟೈಲು ಹಾಕಿಸಿ. ಶಾಖಕ್ಕೆ ಲ್ಯಾಮಿನೇಟಿನ ಅಂಟು ಬಿಡುತ್ತದೆ. ಮಣೆಯ ಮೇಲೆ ಕೂರುವವರಿಗೆ ಪೀಠ 12 ಇಂಚು, ಕುರ್ಚಿಯಲ್ಲಿ ಕೂರುವವರಿಗೆ 30 ಇಂಚು. ಎರಡೂ ಬೇಕಿದ್ದರೆ ಮೆಟ್ಟಿಲಿನಂತೆ ಎರಡು ಹಂತ.

ಅಟ್ಟಕ್ಕೆ ಹಬ್ಬದ ಕೊಪ್ಪರಿಗೆ, ದಸರಾ ಗೊಂಬೆ ಪೆಟ್ಟಿಗೆ ಬಿಟ್ಟು ಬೇರೇನೂ ಹೋಗದಂತೆ ನೋಡಿಕೊಳ್ಳಿ. ವಾರಕ್ಕೊಮ್ಮೆ ಬೇಕಾಗುವ ಒಂದು ವಸ್ತು ಅಲ್ಲಿದ್ದರೂ ಯಾರಾದರೂ ಸ್ಟೂಲು ಹತ್ತುತ್ತಾರೆ.

ಸಾಮಗ್ರಿ, ಜೋಡಣೆ

ಒಣ ಕೋಣೆಗಳಿಗೆ ಐಎಸ್ 303 ಗುರುತಿನ ಎಂಆರ್ (ತೇವ ತಾಳುವ) ದರ್ಜೆಯ ಪ್ಲೈವುಡ್ ಸಾಕು. ಅಡುಗೆಮನೆಗೆ, ಬಚ್ಚಲಿಗೆ ತಾಗಿದ ಗೋಡೆಗೆ, ಮಲೆನಾಡು ಮತ್ತು ಕರಾವಳಿಯಲ್ಲಿ ಇಡೀ ಮನೆಗೆ ನೀರು ತಾಳುವ ಐಎಸ್ 710 ಮೆರೀನ್ ಪ್ಲೈ ಹಾಕಿ. ಸಿಂಕಿನ ಕೆಳಗೆ ಪ್ಲೈಯ ಬದಲು ಪಿವಿಸಿ ಹಲಗೆ. ನೆಲ ತೊಳೆಯುವ ಮನೆಗಳಲ್ಲಿ ಪ್ಲೈ ಸ್ಕರ್ಟಿಂಗ್ ಊದಿಕೊಳ್ಳುತ್ತದೆ. ಗ್ರಾನೈಟ್ ಪಟ್ಟಿ ಅಥವಾ ಪ್ಲಾಸ್ಟಿಕ್ ಕಾಲು ಮೇಲು. ಕದದ ಹೊರಗೆ 1 ಮಿಮೀ ಲ್ಯಾಮಿನೇಟ್ ಹಾಕಿ ಒಳಗೆ ಬರೀ ಬಣ್ಣ ಬಳಿದರೆ ಕದ ಬಿಲ್ಲಿನಂತೆ ಬಾಗುತ್ತದೆ, ಎರಡೂ ಕಡೆ ಲ್ಯಾಮಿನೇಟ್ ಬೇಕು. ಹೊಳಪಿನ ಬಣ್ಣ ಬೇಡ. ಪ್ರತಿಫಲಿಸುವ ಬೆಳಕು ಹಿರಿಯರ ಕಣ್ಣು ಕುಕ್ಕುತ್ತದೆ. ಖಾನೆಯ ಅಂಚು ಒಳಗಿನ ಬಣ್ಣಕ್ಕಿಂತ ಗಾಢವಾಗಿದ್ದರೆ ಎಲ್ಲಿ ಮುಗಿಯುತ್ತದೆಂದು ಕಾಣುತ್ತದೆ.

ಕೂರಿಸುವ ಮೊದಲು ಗೋಡೆಯ ಅಗಲವನ್ನು ಮೇಲೆ, ನಡುವೆ, ಕೆಳಗೆ ಮೂರು ಕಡೆ ಅಳೆದು ಅತಿ ಚಿಕ್ಕದನ್ನು ಹಿಡಿಯಿರಿ. ಎರಡೂ ಬದಿಗೆ 2 ಇಂಚಿನ ಫಿಲ್ಲರ್ (ಸಂದಿ ಮುಚ್ಚುವ ಪಟ್ಟಿ) ಬಿಟ್ಟರೆ ಸೊಟ್ಟ ಗೋಡೆಯೂ ಮುಚ್ಚುತ್ತದೆ, ಡ್ರಾಯರಿನ ಹಿಡಿಯೂ ಬಾಗಿಲ ಚೌಕಟ್ಟಿಗೆ ಬಡಿಯುವುದಿಲ್ಲ. ಗೋಡೆಗೆ ಪ್ಲಾಸ್ಟಿಕ್ ಹಾಳೆ ಅಂಟಿಸಿ ಒಂದು ದಿನ ಬಿಡಿ. ಒಳಗೆ ಹನಿ ಮೂಡಿದರೆ ಗೋಡೆ ಇನ್ನೂ ಒಣಗಿಲ್ಲ, ಕೆಲಸ ಮುಂದೂಡಿ. ಬೆನ್ನು ಮತ್ತು ಗೋಡೆಯ ನಡುವೆ 10 ಮಿಮೀ ಗಾಳಿಸಂದಿ ಇರಲಿ, ಗೆದ್ದಲು ಮದ್ದು ಕೂರಿಸುವ ಮೊದಲೇ ಬಳಿಸಿ.

ದರ ಮಾತನಾಡುವಾಗ ಚದರಡಿ ಲೆಕ್ಕ ಸಾಮಾನ್ಯವಾಗಿ ಮುಂಭಾಗದ ಅಗಲ ಎತ್ತರದ್ದು ಎಂಬುದು ನೆನಪಿರಲಿ. ಒಳಗೆ ಎಷ್ಟು ಡ್ರಾಯರು, ಯಾವ ಹಿಂಜು, ಒಳ ಲ್ಯಾಮಿನೇಟ್ ಇದೆಯೋ ಇಲ್ಲವೋ ಎಲ್ಲ ಬರೆಯದೆ ಕೈಕುಲುಕಬೇಡಿ. ಕೊನೆಯ ಕಂತನ್ನು ಒಂದಿಷ್ಟು ತಡೆಹಿಡಿದು, ಮೊದಲ ಮಳೆಗಾಲ ಕಳೆದ ಮೇಲೆ ಒಮ್ಮೆ ಬಂದು ಎಲ್ಲ ಹಿಂಜುಗಳನ್ನು ಸರಿಪಡಿಸಿ ಹೋಗಬೇಕೆಂಬ ಷರತ್ತನ್ನೂ ಅದೇ ಹಾಳೆಯಲ್ಲಿ ಸೇರಿಸಿ.