ಉಡುಪಿ, ಮಂಗಳೂರಿನ ದಿನನಿತ್ಯದ ಬದುಕನ್ನು ವಿಡಿಯೊ ಮಾಡುವುದು ಹೇಗೆ?

‘ಭಾರತೀಯ ಸಂಸ್ಕೃತಿ’ ಅಂತ ಚಾನೆಲ್ ಶುರು ಮಾಡುವವರಿಗೆ ನನ್ನ ಮೊದಲ ಮಾತು: ವಿಷಯವನ್ನು ನಿಮ್ಮ ಕೇರಿಯಷ್ಟು ಸಣ್ಣದು ಮಾಡಿಕೊಳ್ಳಿ. ಮಲ್ಪೆ ಬೀಚ್, ಕೃಷ್ಣ ಮಠ, ನೀರುದೋಸೆ, ಹುಲಿವೇಷ ಎಲ್ಲವನ್ನೂ ಒಂದೇ ನಿಮಿಷಕ್ಕೆ ತುರುಕಿದ ರೀಲ್ಸ್ ಈಗಾಗಲೇ ಬೇಕಾದಷ್ಟಿವೆ. ನೋಡಿದವರಿಗೆ ಒಂದೂ ನೆನಪಿರುವುದಿಲ್ಲ. ಯಾವುದಾದರೂ ಒಂದು ಕೆಲಸ ಹಿಡಿಯಿರಿ, ಅದು ಮುಗಿಯುವವರೆಗೆ ಅಲ್ಲೇ ಇರಿ.

ಪತ್ರೊಡೆಯನ್ನೇ ತಗೊಳ್ಳಿ. ಹೆಚ್ಚಿನವರು ಬೆಂದದ್ದನ್ನು ಬಾಳೆಲೆಯಲ್ಲಿಟ್ಟು ತೋರಿಸಿ ಮುಗಿಸುತ್ತಾರೆ. ನೋಡಬೇಕಾದ್ದು ಅದಕ್ಕೂ ಮೊದಲಿನದು. ಮಳೆಗಾಲದಲ್ಲಿ ಕೆಸುವಿನ ಎಲೆ ಕೊಯ್ದು ತಂದು, ಹಿಂಬದಿಯ ದಪ್ಪ ನಾರನ್ನು ಚೂರಿಯಲ್ಲಿ ಸವರಿ ತೆಗೆದು, ನೆನೆಸಿದ ಅಕ್ಕಿಗೆ ತೆಂಗಿನಕಾಯಿ, ಒಣಮೆಣಸು, ಕೊತ್ತಂಬರಿ, ಹುಳಿ, ಬೆಲ್ಲ ಹಾಕಿ ಕಡೆದು, ಎಲೆಗೆ ಹಚ್ಚಿ, ಅದರ ಮೇಲೆ ಇನ್ನೊಂದು ಎಲೆ ಇಟ್ಟು ಮತ್ತೆ ಹಚ್ಚಿ, ಸುರುಳಿ ಸುತ್ತಿ ಹಬೆಯಲ್ಲಿ ಇಡುವವರೆಗೆ ಎಷ್ಟು ಕೆಲಸ ಇದೆ ಅಲ್ವಾ? ಹುಳಿ ಯಾಕೆ ಅಷ್ಟು ಧಾರಾಳ ಅಂತ ಅಮ್ಮನ ಹತ್ತಿರ ಕೇಳಿ. ಕೆಸು ಗಂಟಲು ತುರಿಸುತ್ತದೆ, ಹುಣಸೆಹುಳಿ ಆ ತುರಿಕೆಯನ್ನು ತಗ್ಗಿಸುತ್ತದೆ. ಈ ಮಾತು ಅವರ ಬಾಯಲ್ಲೇ ಬರಲಿ. ಅವರು ತುಳುವಲ್ಲಿ ಹೇಳಿದರೆ ತುಳುವಲ್ಲೇ ಬಿಡಿ, ಕೊಂಕಣಿ, ಬ್ಯಾರಿ, ಕುಂದಾಪ್ರ ಕನ್ನಡ ಯಾವುದಾದರೂ ಸರಿ, ಕೆಳಗೆ ಕನ್ನಡದಲ್ಲಿ ಸಾಲು ಹಾಕಿದರೆ ಸಾಕು. ಕ್ಯಾಮೆರಾ ಮಾತ್ರ ಮುಖಕ್ಕಿಂತ ಜಾಸ್ತಿ ಕೈಯ ಮೇಲಿರಲಿ.

ಹಿನ್ನೆಲೆ ಹಾಡು ಬೇಡವೇ ಬೇಡ. ಗ್ರೈಂಡರ್ ತಿರುಗುವ ಸದ್ದು, ಹಂಚಿನ ಮೇಲೆ ಬೀಳುವ ಮಳೆ, ಬಸ್ಸಿನ ಕಂಡಕ್ಟರ್ ಸೀಟಿ, ಇವೇ ನಮ್ಮ ಊರಿನ ಗುರುತು. ಕಡಲ ಬದಿಯಲ್ಲಿ ಗಾಳಿ ಮಾತನ್ನು ನುಂಗುತ್ತದೆ. ಅಲ್ಲಿ ಅಂಗಿಗೆ ಸಿಕ್ಕಿಸುವ ಸಣ್ಣ ಮೈಕ್ ಇರಲಿ, ಅದಕ್ಕೆ ಸ್ಪಂಜಿನ ಟೋಪಿಯೂ ಬೇಕು.

ಕಾಲ ತಪ್ಪಬಾರದು, ಇದು ದೊಡ್ಡ ಮಾತು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ಹಳೆಯ ಕ್ಲಿಪ್ ತೆಗೆದು ‘ಇವತ್ತು ಬೆಳಿಗ್ಗೆ ಮಲ್ಪೆಯಲ್ಲಿ’ ಅಂತ ಜುಲೈಯಲ್ಲಿ ಟ್ರಾಲ್‌ಬೋಟ್ ತೋರಿಸಿದರೆ ಇಲ್ಲಿಯ ಯಾರೂ ನಂಬುವುದಿಲ್ಲ. ಆ ಎರಡು ತಿಂಗಳಲ್ಲಿ ಬಲೆ ಹೆಣೆಯುವುದು, ದೋಣಿ ರಿಪೇರಿ, ಒಣಮೀನಿನ ಅಡುಗೆ ನಡೆಯುತ್ತದೆ. ಅದನ್ನು ಮಾಡಿ. ಮೇಳಗಳ ಯಕ್ಷಗಾನ ತಿರುಗಾಟ ಪತ್ತನಾಜೆಗೆ, ಅಂದರೆ ಮೇ ಕೊನೆಯ ಹೊತ್ತಿಗೆ ನಿಲ್ಲುತ್ತದೆ. ಸೆಪ್ಟೆಂಬರ್ 8ಕ್ಕೆ ಕ್ಯಾಥೊಲಿಕರ ಮೊಂತಿ ಫೆಸ್ತ್, ಚರ್ಚಿನಲ್ಲಿ ಹೊಸ ತೆನೆಗೆ ಆಶೀರ್ವಾದ. ಪರ್ಯಾಯ, ಅಂದರೆ ಕೃಷ್ಣ ಮಠದ ಪೂಜೆಯ ಹೊಣೆ ಅಷ್ಟಮಠಗಳಲ್ಲಿ ಒಂದರಿಂದ ಇನ್ನೊಂದಕ್ಕೆ ಹೋಗುವುದು, ಎರಡು ವರ್ಷಕ್ಕೊಮ್ಮೆ, ಜನವರಿ 18ಕ್ಕೆ. ಹಿಂದಿನ ರಾತ್ರಿಯೇ ರಥಬೀದಿ ತುಂಬಿರುತ್ತದೆ, ಆ ಜನರ ನಡುವೆ ಟ್ರೈಪಾಡ್ ನೆಡಲು ಹೋಗಬೇಡಿ.

ದೈವಗಳಿಗೆ ನಡೆಯುವ ನೇಮ, ಕೋಲದ ವಿಷಯದಲ್ಲಿ ಸ್ವಲ್ಪ ನಿಧಾನಿಸಿ. ಅದು ಆ ಮನೆಯವರ, ಆ ಊರಿನವರ ಆರಾಧನೆ. ಮನೆಯ ಯಜಮಾನರನ್ನು ಮೊದಲೇ ಕೇಳಿ, ಬೇಡ ಅಂದರೆ ಮೊಬೈಲ್ ಕಿಸೆಗೆ ಹಾಕಿ. ಆವೇಶದ ಹೊತ್ತಿನ ತುಣುಕಿಗೆ ಸಿನಿಮಾ ಸಂಗೀತ ಸೇರಿಸಿ ಬಿಡುವುದು, ವೇಷ ಹಾಕಿಕೊಂಡು ಅನುಕರಣೆ ಮಾಡುವುದು ಇಲ್ಲಿಯವರಿಗೆ ನಿಜಕ್ಕೂ ನೋವು ಕೊಡುತ್ತದೆ. ತೆಂಗಿನ ಎಳೆಗರಿ ಸೀಳುವವರು, ಅನ್ನ ಬೇಯಿಸುವವರು ಒಪ್ಪಿದರೆ ಅವರ ಜೊತೆ ಕೂತು ಮಾಡಿ.

ಲೆಕ್ಕ, ಹೆಸರು, ಅಳತೆ ಕೆಲಸ ಮಾಡುವವರ ಹತ್ತಿರವೇ ಕೇಳಿ ಬರೆದುಕೊಳ್ಳಿ. ಶಂಕರಪುರದ ಮಲ್ಲಿಗೆಯನ್ನು ಮೊಳದಲ್ಲಿ ಅಳೆದು ಹೇಳಿದರೆ ಕಟ್ಟುವವರು ನಗುತ್ತಾರೆ. ಬಾಳೆನಾರಿನಲ್ಲಿ ಕಟ್ಟಿದ 800 ಹೂವಿಗೆ ಒಂದು ಚೆಂಡು, 4 ಚೆಂಡಿಗೆ ಒಂದು ಅಟ್ಟೆ, ಅಟ್ಟೆಗೆ ದರ ದಿನಾ ಬೇರೆ. ಬೆರಳು ಅಷ್ಟು ಬೇಗ ಗಂಟು ಹಾಕುವುದನ್ನು ನಿಧಾನದ ವೇಗದಲ್ಲಿ ತೋರಿಸಿ, ಇವತ್ತಿನ ದರ ಎಷ್ಟೆಂದು ಅವರೇ ಹೇಳಲಿ.

ಹೋಟೆಲಿನವರು ದುಡ್ಡು ಕೊಟ್ಟು ಗೋಳಿಬಜೆ ಹೊಗಳಿಸಿದ್ದರೆ ಅದು ಜಾಹೀರಾತು ಅಂತ ವಿಡಿಯೊದಲ್ಲೇ ಕಾಣುವ ಹಾಗೆ ಹಾಕಿ, ಕೊನೆಯ ಸಾಲಿನಲ್ಲಿ ಅಡಗಿಸಬೇಡಿ. ಮನೆಯೊಳಗೆ ತೆಗೆದ ವಿಡಿಯೊ ಆದರೆ ಹಾಕುವ ಮೊದಲು ಆ ಮನೆಯವರಿಗೆ ಪೂರ್ತಿ ತೋರಿಸಿ. ಮಗುವಿನ ಮುಖ ಬೇಡ, ದೇವರ ಕೋಣೆ ಬೇಡ ಅಂದರೆ ಆ ಭಾಗ ಕತ್ತರಿಸಿಯೇ ಹಾಕಿ.