ರಾತ್ರಿ ಹಲ್ಲು ಕಡಿಯುವವರು ಇಂಪ್ಲಾಂಟ್ ಹಾಕಿಸುವಾಗ

ನಿದ್ದೆಯಲ್ಲಿ ಹಲ್ಲು ಕಡಿಯುವ ಅಭ್ಯಾಸ ಇದೆ ಅಂದ ಮಾತ್ರಕ್ಕೆ ಇಂಪ್ಲಾಂಟ್ (ಹೋದ ಹಲ್ಲಿನ ಜಾಗದಲ್ಲಿ ದವಡೆಯ ಮೂಳೆಗೆ ಕೂರಿಸುವ ಕೃತಕ ಬೇರು) ಹಾಕಿಸಲೇಬಾರದು ಅಂತೇನಿಲ್ಲ. ಆದರೆ ಆ ವಿಷಯ ಡಾಕ್ಟರಿಗೆ ಮೊದಲ ಭೇಟಿಯಲ್ಲೇ ಗೊತ್ತಾಗಬೇಕು. ಎಷ್ಟು ಇಂಪ್ಲಾಂಟ್, ಎಷ್ಟು ದಪ್ಪ, ಯಾವ ಕ್ಯಾಪ್ (ಇಂಪ್ಲಾಂಟ್ ಮೇಲೆ ಕೂರಿಸುವ ಕೃತಕ ಹಲ್ಲು) ಎನ್ನುವುದೆಲ್ಲ ಅದರ ಮೇಲೆ ನಿಂತಿದೆ.

ನಮ್ಮ ಸ್ವಂತ ಹಲ್ಲಿನ ಬೇರಿಗೂ ದವಡೆಯ ಮೂಳೆಗೂ ನಡುವೆ ಸುಮಾರು 0.2 ಮಿ.ಮೀ. ದಪ್ಪದ ನಾರಿನ ಪದರ ಇರುತ್ತದೆ. ಭಾರ ಬಿದ್ದಾಗ ಹಲ್ಲು ತುಸು ಒಳಗಿಳಿಯುವುದೂ, ಅತಿಯಾದರೆ ನಮಗೆ ತಿಳಿಯುವುದೂ ಈ ಪದರದಿಂದಲೇ. ಇಂಪ್ಲಾಂಟಿನ ಟೈಟಾನಿಯಂ ನೇರವಾಗಿ ಮೂಳೆಗೇ ಬೆಸೆದುಕೊಳ್ಳುತ್ತದೆ. ಹಾಗಾಗಿ ಅಲ್ಲಿ ಬೀಳುವ ಪೆಟ್ಟು ಸರಿಯಾಗಿ ತಿಳಿಯುವುದಿಲ್ಲ, ತಗ್ಗುವುದೂ ಇಲ್ಲ. ಸಾಮಾನ್ಯವಾಗಿ ಮೊದಲು ಕ್ಯಾಪನ್ನು ಹಿಡಿದಿಡುವ ಸ್ಕ್ರೂ ಸಡಿಲವಾಗುತ್ತದೆ ಅಥವಾ ಕ್ಯಾಪಿನ ಪಿಂಗಾಣಿ ಚಕ್ಕೆ ಏಳುತ್ತದೆ. ಅಪರೂಪಕ್ಕೆ ಇಂಪ್ಲಾಂಟೇ ಮುರಿಯುತ್ತದೆ.

ಬೆಳಿಗ್ಗೆ ಎದ್ದಾಗ ದವಡೆ ಬಿಗಿದಿರುವುದು, ಕಣತಲೆ ನೋವು, ನಾಲಿಗೆಯ ಅಂಚಿನಲ್ಲಿ ಹಲ್ಲಿನ ಅಚ್ಚು, ಕೆನ್ನೆಯ ಒಳಗೆ ಬಿಳಿ ಗೆರೆ, ತುದಿ ಸವೆದು ಚಪ್ಪಟೆಯಾದ ಹಲ್ಲು: ಇವು ಹಲ್ಲು ಕಡಿಯುವುದರ ಗುರುತುಗಳು. ಜೋರು ಗೊರಕೆ, ಹಗಲಲ್ಲಿ ತೂಕಡಿಕೆಯೂ ಇದ್ದರೆ ಸ್ಲೀಪ್ ಆಪ್ನಿಯಾ (ನಿದ್ದೆಯಲ್ಲಿ ಆಗಾಗ ಉಸಿರು ನಿಲ್ಲುವ ತೊಂದರೆ) ಪರೀಕ್ಷೆ ಮಾಡಿಸಿ. ಖಿನ್ನತೆಗೆ ಕೊಡುವ ಫ್ಲೂಕ್ಸೆಟೀನ್, ಸೆರ್ಟ್ರಾಲೀನ್‌ನಂಥ ಮಾತ್ರೆಗಳಿಂದಲೂ ಕೆಲವರಿಗೆ ಹೀಗಾಗುತ್ತದೆ. ಆದರೆ ಅವನ್ನು ನೀವಾಗಿಯೇ ನಿಲ್ಲಿಸಬೇಡಿ, ಬರೆದುಕೊಟ್ಟವರನ್ನು ಕೇಳಿ. ಹೊಟ್ಟೆಯಲ್ಲಿ ಜಂತುಹುಳ ಇದ್ದರೆ ಹಲ್ಲು ಕಡಿಯುತ್ತಾರೆ ಎಂಬ ಮಾತು ನಂಬಿ ಹುಳದ ಮಾತ್ರೆ ನುಂಗಿ ಸುಮ್ಮನಾಗಬೇಡಿ.

ಮೂಳೆಯ ಅಗಲ ಮತ್ತು ಎತ್ತರ ತಿಳಿಯಲು ಸಿಬಿಸಿಟಿ (ಮೂರು ಆಯಾಮದ ಎಕ್ಸ್-ರೇ) ಸ್ಕ್ಯಾನ್ ಬೇಕು. ದವಡೆ ಹಲ್ಲಿನ ಜಾಗದಲ್ಲಿ ಮೂಳೆ ಸಾಕಷ್ಟಿದ್ದರೆ 4 ಮಿ.ಮೀ. ಅಥವಾ ಅದಕ್ಕಿಂತ ದಪ್ಪದ ಇಂಪ್ಲಾಂಟ್ ಒಳ್ಳೆಯದು. ಸಾಲಾಗಿ ಮೂರು ಹಲ್ಲು ಇಲ್ಲದಿದ್ದಾಗ ದುಡ್ಡು ಉಳಿಸಲು ಎರಡೇ ಇಂಪ್ಲಾಂಟ್ ಹಾಕಿ, ಮೂರನೆಯ ಹಲ್ಲನ್ನು ಆಧಾರವಿಲ್ಲದೆ ತುದಿಯಲ್ಲಿ ಜೋತುಬಿಡುವ ಯೋಜನೆಗೆ ಒಪ್ಪಬೇಡಿ. ಕಡಿಯುವವರ ಬಾಯಲ್ಲಿ ಆ ತುದಿ ಸನ್ನೆಗೋಲಿನಂತೆ ಸ್ಕ್ರೂವನ್ನು ಮೀಟುತ್ತದೆ.

‘ಒಂದೇ ದಿನದಲ್ಲಿ ಹಲ್ಲು’ ಎನ್ನುವ ಜಾಹೀರಾತಿಗೂ ಆತುರ ಬೀಳಬೇಡಿ. ಮೂಳೆ ಬೆಸೆಯುವ ಮೊದಲೇ ಇಂಪ್ಲಾಂಟ್ ಸುಮಾರು 0.15 ಮಿ.ಮೀ.ಗಿಂತ ಹೆಚ್ಚು ಅಲುಗಾಡಿದರೆ ಸುತ್ತ ಮೂಳೆಯ ಬದಲು ನಾರು ಬೆಳೆದು ಅದು ಕೈಕೊಡುತ್ತದೆ. ಕೆಳದವಡೆಗೆ ಸುಮಾರು 3 ತಿಂಗಳು, ಮೇಲಿನದಕ್ಕೆ 4ರಿಂದ 6 ತಿಂಗಳು ಕಾಯುವುದು ಕ್ಷೇಮ. ಕಾಯುವ ದಿನಗಳಲ್ಲೂ ನೈಟ್ ಗಾರ್ಡ್ (ಮಲಗುವಾಗ ಹಲ್ಲಿನ ಮೇಲೆ ಹಾಕುವ ಕವಚ) ಬೇಕು, ಆದರೆ ಅದು ಇಂಪ್ಲಾಂಟ್ ಇರುವ ಜಾಗವನ್ನು ಒತ್ತದಂತೆ ಒಳಗಿನಿಂದ ಕೊರೆದು ಕೊಟ್ಟಿರಬೇಕು.

ಕ್ಯಾಪ್ ವಿಷಯದಲ್ಲಿ ನಮ್ಮ ಆಯ್ಕೆ ಸಿಮೆಂಟಿನಲ್ಲಿ ಅಂಟಿಸುವುದಲ್ಲ, ಸ್ಕ್ರೂ ಹಾಕಿ ಕೂರಿಸುವುದು. ಸಡಿಲವಾದರೆ ಒಡೆಯದೆ ಬಿಚ್ಚಿ ಮತ್ತೆ ಬಿಗಿಸಬಹುದು. ಮೇಲೆ ಪಿಂಗಾಣಿ ಪದರ ಇಲ್ಲದ, ಪೂರ್ತಿ ಜಿರ್ಕೋನಿಯಾ (ಹಲ್ಲಿನ ಬಣ್ಣದ ಬಹಳ ಗಟ್ಟಿ ವಸ್ತು) ಅಥವಾ ಲೋಹದ ಕ್ಯಾಪ್ ಕೇಳಿ. ಅಗಲ ಕಡಿಮೆ ಇರಲಿ, ಮೇಲಿನ ಉಬ್ಬುಗಳು ತಗ್ಗಾಗಿರಲಿ. ಸ್ಕ್ರೂವನ್ನು ಬಿಗಿತ ಅಳೆಯುವ ಟಾರ್ಕ್ ವ್ರೆಂಚ್‌ನಿಂದಲೇ ಬಿಗಿಸಬೇಕು. ಅನೇಕ ಕಂಪನಿಗಳು 30ರಿಂದ 35 ನ್ಯೂಟನ್ ಸೆಂಟಿಮೀಟರ್ ಹೇಳುತ್ತವೆ. ಬಿಗಿಸಿ ಹತ್ತು ನಿಮಿಷ ಬಿಟ್ಟು ಮತ್ತೊಮ್ಮೆ ಅಷ್ಟೇ ಬಿಗಿಸಿದರೆ ಬೇಗ ಸಡಿಲವಾಗುವುದಿಲ್ಲ.

ಅದೇ ದಿನ ಕಡಿತ, ಅಂದರೆ ಬಾಯಿ ಮುಚ್ಚಿದಾಗ ಮೇಲಿನ ಕೆಳಗಿನ ಹಲ್ಲುಗಳು ಕೂಡುವುದು, ನೋಡುವ ರೀತಿ ಗಮನಿಸಿ. ಒಂದೇ ಇಂಪ್ಲಾಂಟ್ ಆಗಿದ್ದು ಅಕ್ಕಪಕ್ಕ ಸ್ವಂತ ಹಲ್ಲುಗಳಿದ್ದರೆ, 8 ಮೈಕ್ರಾನ್ ತೆಳುವಿನ ಹಾಳೆಯನ್ನು ಕ್ಯಾಪ್ ಮೇಲಿಟ್ಟು ಬಾಯಿ ಮುಚ್ಚಿಸುತ್ತಾರೆ. ಮೆಲ್ಲಗೆ ಮುಚ್ಚಿದಾಗ ಹಾಳೆ ಜಾರಿ ಈಚೆ ಬರಬೇಕು, ಗಟ್ಟಿಯಾಗಿ ಕಚ್ಚಿದಾಗ ಮಾತ್ರ ಸಿಕ್ಕಿಕೊಳ್ಳಬೇಕು. ಮೆಲ್ಲಗೆ ಮುಚ್ಚಿದಾಗಲೇ ಸಿಕ್ಕಿಕೊಂಡರೆ ಕ್ಯಾಪ್ ಎತ್ತರವಾಗಿದೆ ಎಂದರ್ಥ. ಅಲ್ಲೇ ಉಜ್ಜಿ ತಗ್ಗಿಸಲು ಹೇಳಿ.

ನೈಟ್ ಗಾರ್ಡ್‌ಗೆ ಅಳತೆ ಕೊಡುವುದು ಶಾಶ್ವತ ಕ್ಯಾಪ್ ಕೂರಿಸಿದ ಮೇಲೆ. ಕಾಯುವ ದಿನಗಳಲ್ಲಿ ಹಾಕುತ್ತಿದ್ದ ಹಳೆಯದು ಇನ್ನು ಹೊಂದುವುದಿಲ್ಲ. ಗಟ್ಟಿ ಅಕ್ರಿಲಿಕ್‌ನದ್ದೇ ಇರಲಿ. ಅಂಗಡಿಯ ಮೆತ್ತನೆಯದನ್ನು ಕೆಲವರು ನಿದ್ದೆಯಲ್ಲಿ ಇನ್ನಷ್ಟು ಅಗಿಯುತ್ತಾರೆ. ತಣ್ಣೀರು, ಮೆತ್ತನೆ ಬ್ರಷ್ ಸಾಕು; ಬಿಸಿನೀರಿಗೆ ಹಾಕಿದರೆ ಸೊಟ್ಟಗಾಗುತ್ತದೆ. ಗಾರ್ಡ್ ಕಡಿಯುವುದನ್ನು ನಿಲ್ಲಿಸುವುದಿಲ್ಲ, ಭಾರವನ್ನು ಹಂಚುತ್ತದೆ ಅಷ್ಟೆ. ಆದ್ದರಿಂದ ವರ್ಷಗಳು ಕಳೆದರೂ ದಿನಾ ರಾತ್ರಿ ಹಾಕಬೇಕು. ಹಗಲಲ್ಲಿ ತುಟಿ ಮುಚ್ಚಿರಲಿ, ಹಲ್ಲುಗಳು ಮಾತ್ರ ಒಂದಕ್ಕೊಂದು ತಾಗದಿರಲಿ. ಆ ಬದಿಯಲ್ಲಿ ಕಬ್ಬು, ಗೋಟಡಿಕೆ ಬೇಡ.

ಕ್ಯಾಪ್ ಸ್ವಲ್ಪ ಅಲುಗಿದಂತೆ ಅನ್ನಿಸಿದರೂ ಆ ಬದಿ ಅಗಿಯುವುದನ್ನು ಬಿಟ್ಟು ಕ್ಲಿನಿಕ್ಕಿಗೆ ಫೋನ್ ಮಾಡಿ. ಸಡಿಲ ಸ್ಕ್ರೂ ಬಿಗಿಸುವುದು ಚಿಕ್ಕ ಕೆಲಸ. ಅದೇ ಸ್ಕ್ರೂ ಒಳಗೆ ತುಂಡಾದರೆ ತೆಗೆಯುವುದು ಬಹಳ ಕಷ್ಟ. ಇಂಪ್ಲಾಂಟ್ ಪೊಟ್ಟಣದ ಸ್ಟಿಕ್ಕರನ್ನು ಕೇಳಿ ಇಟ್ಟುಕೊಳ್ಳಿ, ಅದರಲ್ಲಿ ಕಂಪನಿ, ದಪ್ಪ, ಉದ್ದ, ಲಾಟ್ ನಂಬರ್ ಇರುತ್ತವೆ. ರಜೆಯಲ್ಲಿ ಊರಿಗೆ ಬಂದು ಹಾಕಿಸಿಕೊಂಡು ವಿದೇಶಕ್ಕೆ ಮರಳುವವರಿಗೆ ಇದು ತೀರಾ ಮುಖ್ಯ: ಕಂಪನಿಗೊಂದು ಬಗೆಯ ಸ್ಕ್ರೂ ಡ್ರೈವರ್ ಇರುವುದರಿಂದ, ಸ್ಟಿಕ್ಕರ್ ಇಲ್ಲದಿದ್ದರೆ ಅಲ್ಲಿನ ಡಾಕ್ಟರಿಗೆ ಕ್ಯಾಪ್ ಬಿಚ್ಚುವುದೇ ತಲೆನೋವು.