ಇಮ್ಸೀದಾನೋ ಬಿರ್ಕಿರ್ಕಾರಾನೋ: ಮಾಲ್ಟಾದಲ್ಲಿ ಮನೆ ಹಿಡಿಯುವ ಮೊದಲು ನೀರಿನ ದಾರಿ ನೋಡಿ

ಹೋದ ತಿಂಗಳು ಸುಂಟಿಕೊಪ್ಪದ ಕಡೆಯ ಹುಡುಗಿಯೊಬ್ಬಳು ತಾಯಿಯನ್ನು ಕರೆದುಕೊಂಡು ನಮ್ಮ ಮನೆಗೆ ಬಂದಿದ್ದಳು. ಯುರೋಪಿನ ಪುಟ್ಟ ದ್ವೀಪ ದೇಶ ಮಾಲ್ಟಾದ ಮಾಟರ್ ದೇಯಿ ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಸಿಕ್ಕಿದೆ. "ಅಕ್ಕಾ, ಎರಡು ಊರಲ್ಲಿ ರೂಮು ತೋರಿಸ್ತಿದ್ದಾರೆ. ಎರಡೂ ಅಕ್ಕಪಕ್ಕದಲ್ಲೇ ಇವೆ. ಯಾವುದಕ್ಕೆ ಹೂಂ ಅನ್ಲಿ?" ಎಂದಳು. ನಾನು ಆ ಎರಡೂ ಊರಿನಲ್ಲಿ ಸೇರಿ ಐದು ವರ್ಷ ಇದ್ದು ಬಂದವಳು. ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಈ ವರ್ಷ ಹೊರಟವಳು ಅವಳೊಬ್ಬಳೇ ಅಲ್ಲ.

ಮೊದಲು ಅಳತೆ ತಲೆಗೆ ಹೋಗಬೇಕು. ನಮ್ಮ ಕೊಡಗು 4,102 ಚದರ ಕಿಲೋಮೀಟರ್. ಮಾಲ್ಟಾ ದೇಶ ಪೂರ್ತಿ, ಗೋಜೋ ದ್ವೀಪವೂ ಸೇರಿ, 316. ಜನಸಂಖ್ಯೆ ಮಾತ್ರ ಹೆಚ್ಚುಕಡಿಮೆ ನಮ್ಮಷ್ಟೇ, ಐದು ಲಕ್ಷದ ಮೇಲೆ. ಹಾಗಾಗಿ ಊರು ಮುಗಿದು ತೋಟ ಬಂತು, ತೋಟ ಮುಗಿದು ಇನ್ನೊಂದು ಊರು ಬಂತು ಎನ್ನುವ ನಮ್ಮ ಲೆಕ್ಕ ಅಲ್ಲಿ ನಡೆಯುವುದಿಲ್ಲ. ಒಂದು ಬೀದಿಯ ಎಡಗಡೆ ಇಮ್ಸೀದಾ, ಬಲಗಡೆ ಬಿರ್ಕಿರ್ಕಾರಾ. (ನಕ್ಷೆಯಲ್ಲಿ ಇಮ್ಸೀದಾ ಹೆಸರಿನ ಮೊದಲ 'ಇ' ಕಾಣುವುದಿಲ್ಲ, ಬಾಯಲ್ಲಿ ಮಾತ್ರ ಬರುತ್ತದೆ.) ಇಮ್ಸೀದಾ ಕೆಳಗೆ, ಕಡಲಿನ ಚಾಚು ಒಳಗೆ ಬಂದು ನಿಂತಿರುವ ಜಾಗದಲ್ಲಿದೆ, ಅಲ್ಲಿಂದ ಮೇಲಕ್ಕೆ ಏರಿದರೆ ವಿಶ್ವವಿದ್ಯಾಲಯ, ಅದರ ಪಕ್ಕ ಆಸ್ಪತ್ರೆ. ಬಿರ್ಕಿರ್ಕಾರಾ ಒಳನಾಡಿನ ಹಳೆಯ, ದೊಡ್ಡ ಊರು.

ಈಗ ಮುಖ್ಯ ವಿಷಯ. ಅಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 550 ಮಿಲಿಮೀಟರ್. ಮಡಿಕೇರಿಯಲ್ಲಿ ಜುಲೈ ಒಂದೇ ತಿಂಗಳಲ್ಲಿ ಅದಕ್ಕಿಂತ ಹೆಚ್ಚು ಸುರಿಯುತ್ತದೆ. ನಾನೂ ಅದನ್ನು ಕೇಳಿ, ಅಲ್ಲೇನು ಮಳೆ ಎಂದುಕೊಂಡು ಇಮ್ಸೀದಾದ ತಗ್ಗಿನಲ್ಲಿ ಅರ್ಧ ನೆಲದೊಳಗೆ ಇಳಿದ ಒಂದು ರೂಮು ಹಿಡಿದೆ. ಬಾಡಿಗೆ ಕಡಿಮೆ, ಬಸ್ ಸ್ಟಾಪ್ ಎದುರಿಗೇ. ಆದರೆ ಆ ಮಳೆ ನಮ್ಮ ಹಾಗೆ ಜೂನ್‌ನಿಂದ ಹದವಾಗಿ ಹಿಡಿದು ಕೂರುವ ಮಳೆಯಲ್ಲ. ಬೇಸಿಗೆಯಿಡೀ ಹನಿ ಇಲ್ಲ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಗುಡುಗು ಸಮೇತ ಒಂದೇ ಗಂಟೆಯಲ್ಲಿ ಹೊಯ್ದುಬಿಡುತ್ತದೆ. ಕುಡಿದುಕೊಳ್ಳಲು ಮಣ್ಣಿಲ್ಲ, ಎಲ್ಲ ಕಲ್ಲು ಮತ್ತು ಡಾಂಬರು. ಇಡೀ ದೇಶದಲ್ಲಿ ವರ್ಷಪೂರ್ತಿ ಹರಿಯುವ ಒಂದು ನದಿಯಿಲ್ಲ. ಹಾಗಾಗಿ ನೀರು ರಸ್ತೆಯನ್ನೇ ಹೊಳೆ ಮಾಡಿಕೊಳ್ಳುತ್ತದೆ.

ಬಿರ್ಕಿರ್ಕಾರಾದಲ್ಲಿ 'ತ್ರೀಕ್ ಇಲ್-ವೀದ್' ಎಂಬ ಉದ್ದ ರಸ್ತೆಯಿದೆ. ಮಾಲ್ಟೀಸ್ ಭಾಷೆಯಲ್ಲಿ ವೀದ್ ಎಂದರೆ ಕಣಿವೆ. ಹೆಸರಿನಲ್ಲೇ ಎಲ್ಲ ಹೇಳಿದ್ದಾರೆ. ಮೇಲಿನ ಊರುಗಳ ನೀರು ಆ ಕಣಿವೆ ಹಿಡಿದು ಇಳಿದು, ಕೊನೆಗೆ ಇಮ್ಸೀದಾದ ತಗ್ಗಿಗೆ ಬಂದು ಕಡಲು ಸೇರುತ್ತದೆ. ನೆಲದಡಿ ಸುರಂಗ ಕೊರೆದು ಎಷ್ಟೋ ನೀರನ್ನು ಬೇರೆ ಕಡೆ ತಿರುಗಿಸಿದ್ದಾರೆ, ಆದರೂ ಜೋರು ಮಳೆಗೆ ರಸ್ತೆ ತುಂಬುವುದು ನಿಂತಿಲ್ಲ. ನನ್ನ ಮೊದಲ ಅಕ್ಟೋಬರ್‌ನಲ್ಲಿ ರಾತ್ರಿ ಪಾಳಿ ಮುಗಿಸಿ ಬಂದು ಬಾಗಿಲು ತೆಗೆದರೆ ಮಂಚದ ಕಾಲು ನೀರಿನಲ್ಲಿತ್ತು. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು ಕಡೆ ನಮ್ಮ ದೊಡ್ಡಮ್ಮನ ಮನೆಯ ಹಿಂದೆ ಬರೆ ಜರಿದದ್ದನ್ನು ಕಣ್ಣಾರೆ ಕಂಡವಳು ನಾನು. ಮನೆ ಕಟ್ಟುವಾಗ ತೋಡು ಎಲ್ಲಿತ್ತು ಎಂದು ಹಿರಿಯರನ್ನು ಕೇಳಬೇಕೆಂದು ಅದಾದ ಮೇಲೆ ನಾವೆಲ್ಲ ಆಡಿಕೊಂಡಿದ್ದೆವು. ಅದನ್ನೇ ಅಲ್ಲಿ ಕೇಳಲಿಲ್ಲ.

ಆದ್ದರಿಂದ ಊರಿನ ಹೆಸರು ನೋಡಿ ಆರಿಸಬೇಡಿ. ಬೀದಿ ಎಷ್ಟು ಎತ್ತರದಲ್ಲಿದೆ ನೋಡಿ. ಇಮ್ಸೀದಾದಲ್ಲಾದರೆ ಕಡಲ ಬದಿಯಿಂದ ವಿಶ್ವವಿದ್ಯಾಲಯದ ಕಡೆಗೆ ಏರುವ ಬೀದಿಗಳು ಒಳ್ಳೆಯವು. ಬಿರ್ಕಿರ್ಕಾರಾದಲ್ಲಾದರೆ ಕಣಿವೆ ರಸ್ತೆ ಬಿಟ್ಟು, ಸಂತ ಹೆಲೆನಾ ಬೆಸಿಲಿಕಾ ಸುತ್ತಿನ ಹಳೆಯ ಓಣಿಗಳು ಅಥವಾ ಫ್ಲರ್-ದೆ-ಲೀ ಕಡೆ ನೋಡಿ. ಬೀದಿಯ ಅಂಗಡಿಯವರನ್ನು "ಮಳೆಗೆ ನೀರು ಎಲ್ಲಿಯವರೆಗೆ ಬರುತ್ತದೆ?" ಎಂದು ಇಂಗ್ಲಿಷಿನಲ್ಲೇ ಕೇಳಬಹುದು. ಅದೂ ಅಲ್ಲಿ ಆಡಳಿತ ಭಾಷೆ, ಹೆಚ್ಚಿನವರಿಗೆ ಬರುತ್ತದೆ. ಅವರು ಕೈಯಿಂದ ಗೋಡೆ ಮುಟ್ಟಿ ತೋರಿಸುತ್ತಾರೆ.

ಮನೆಯೊಳಗೆ ಹೋದಾಗ ಮೂಗಿಗೆ ಕೆಲಸ ಕೊಡಿ. ಅಲ್ಲಿಯ ಮನೆಗಳು ಮೆತ್ತನೆಯ ಹಳದಿ ಸುಣ್ಣಕಲ್ಲಿನವು, ತೇವ ಎಳೆದುಕೊಳ್ಳುತ್ತವೆ. ಚಳಿಗಾಲದಲ್ಲಿ ಹೊರಗೆ ಹನ್ನೆರಡು ಡಿಗ್ರಿ ಇದ್ದರೆ ಒಳಗೂ ಹಾಗೇ, ಒಲೆಯ ಬಿಸಿ ಇಲ್ಲದ ಮನೆ. ಬೀರು ಸರಿಸಿ ಹಿಂದಿನ ಗೋಡೆ ನೋಡಿ. ಹೊಸದಾಗಿ ಬಿಳಿ ಬಣ್ಣ ಬಳಿದಿದ್ದರೆ ಅದರಡಿಯಲ್ಲಿ ಬೂಷ್ಟು ಇರುತ್ತದೆಂದೇ ತಿಳಿಯಿರಿ. ಹಾಗೆಂದು ತೀರ ಮೇಲಿನ ಮಹಡಿಯೂ ಸುಖವಲ್ಲ. ಚಪ್ಪಟೆ ತಾರಸಿ ಆಗಸ್ಟ್‌ನಲ್ಲಿ ಹಗಲಿಡೀ ಕಾದು ರಾತ್ರಿಯಿಡೀ ಕೆಳಗೆ ಬಿಡುತ್ತದೆ. ಮೂರು ಮಹಡಿಯ ಮನೆಯಾದರೆ ನಡುವಿನದು.

ಇನ್ನು ಪಾಳಿ. ನನ್ನದು ಹನ್ನೆರಡು ಗಂಟೆಯ ಪಾಳಿ, ಬೆಳಿಗ್ಗೆ ಏಳಕ್ಕೆ ವಾರ್ಡಿನಲ್ಲಿರಬೇಕು. 2022ರ ಅಕ್ಟೋಬರ್‌ನಿಂದ ನಿಮ್ಮ ಹೆಸರಿನ ತಾಲ್ಲಿಂಜಾ ಕಾರ್ಡ್ ಇದ್ದರೆ ಅಲ್ಲಿ ಬಸ್ ಪ್ರಯಾಣ ಉಚಿತ, ಆದ್ದರಿಂದ ಅಲ್ಲಿಗೆ ಹೋಗಿ ಇಳಿದ ವಾರವೇ ಅರ್ಜಿ ಹಾಕಿ. ಆದರೆ ಉಚಿತ ಬಸ್ಸೂ ಇಮ್ಸೀದಾ ಜಂಕ್ಷನ್‌ನಲ್ಲಿ ವಾಹನಗಳ ನಡುವೆ ನಿಂತೇ ನಿಲ್ಲುತ್ತದೆ. ನಡೆದು ಹೋಗುವಷ್ಟು ಹತ್ತಿರ ಇರುವುದೇ ನರ್ಸ್‌ಗೆ ನೆಮ್ಮದಿ. ಈ ಎರಡು ಊರಿನ ನಡುವೆ ಸ್ವಾತರ್ ಎಂಬ ಭಾಗವಿದೆ, ಅರ್ಧ ಇದಕ್ಕೆ ಅರ್ಧ ಅದಕ್ಕೆ ಸೇರಿದ್ದು, ಆಸ್ಪತ್ರೆಗೆ ಅಂಟಿಕೊಂಡಂತಿದೆ. ನಾನು ಕೊನೆಯ ಮೂರು ವರ್ಷ ಇದ್ದದ್ದು ಅಲ್ಲೇ. ಯಾರಾದರೂ ಕೇಳಿದರೆ ನನ್ನ ಉತ್ತರವೂ ಅದೇ: ಸಿಕ್ಕರೆ ಸ್ವಾತರ್, ಸಿಗದಿದ್ದರೆ ಇಮ್ಸೀದಾದ ಏರು, ಅದೂ ಇಲ್ಲವೆಂದರೆ ಬಿರ್ಕಿರ್ಕಾರಾದ ಎತ್ತರದ ಓಣಿ. ಮಕ್ಕಳು, ಗಂಡನ ಜೊತೆ ಹೋಗುವವರಿಗೆ ಮಾತ್ರ ಈ ಸಾಲು ತಿರುಗಿಸುತ್ತೇನೆ. ಬಿರ್ಕಿರ್ಕಾರಾದಲ್ಲಿ ಹಳೆಯ ರೈಲು ನಿಲ್ದಾಣದ ಉದ್ಯಾನವಿದೆ (1883ರಿಂದ 1931ರವರೆಗೆ ಆ ಪುಟ್ಟ ದೇಶದಲ್ಲಿ ರೈಲು ಓಡಿತ್ತು, ನಮ್ಮ ಜಿಲ್ಲೆ ಇನ್ನೂ ಕಾಯುತ್ತಿದೆ), ಸಂಜೆ ಅಜ್ಜಿಯರು ಬಾಗಿಲಲ್ಲಿ ಕುರ್ಚಿ ಹಾಕಿ ಕೂರುತ್ತಾರೆ. ವಿದ್ಯಾರ್ಥಿಗಳೇ ತುಂಬಿರುವ ಇಮ್ಸೀದಾದಲ್ಲಿ ಪಕ್ಕದ ಮನೆಯವರ ಮುಖ ವರ್ಷಕ್ಕೊಮ್ಮೆ ಬದಲಾಗುತ್ತದೆ. ಆದರೆ ಆಗಸ್ಟ್ 18ರ ಆಸುಪಾಸಿನಲ್ಲಿ ಸಂತ ಹೆಲೆನಾ ಹಬ್ಬ ಬಂದರೆ ಬಿರ್ಕಿರ್ಕಾರಾದಲ್ಲಿ ಹಗಲಿಗೇ ಗರ್ನಾಲು ಸಿಡಿಯುತ್ತವೆ. ರಾತ್ರಿ ಪಾಳಿ ಮಾಡಿ ಮಲಗುವವರು ಆ ವಾರ ಗೆಳತಿಯ ಮನೆಗೆ ಹೋಗಿಬಿಡುವುದು ಒಳ್ಳೆಯದು.

ಕರಾರಿನ ವಿಷಯ. 2020ರ ಜನವರಿ 1ರಿಂದ ಅಲ್ಲಿ ಬಾಡಿಗೆ ಕಾನೂನು ಬದಲಾಗಿದೆ. ಕರಾರು ಬರಹದಲ್ಲಿರಬೇಕು, ಹೌಸಿಂಗ್ ಅಥಾರಿಟಿಯಲ್ಲಿ ನೋಂದಣಿಯಾಗಬೇಕು. ಮಾಲೀಕರು ಮಾಡಿಸದಿದ್ದರೆ ನೀವೇ ಮಾಡಿಸಬಹುದು. ಇಡೀ ಮನೆಯ ದೀರ್ಘ ಬಾಡಿಗೆ ಕನಿಷ್ಠ ಒಂದು ವರ್ಷ. ಒಂದು ವರ್ಷದ ಕರಾರಿನಲ್ಲಿ ಮೊದಲ ಆರು ತಿಂಗಳು ನೀವು ಬಿಡುವಂತಿಲ್ಲ, ಆಮೇಲೆ ಒಂದು ತಿಂಗಳು ಮುಂಚೆ ರಿಜಿಸ್ಟರ್ಡ್ ಪತ್ರ ಕೊಡಬೇಕು. ಅಡುಗೆಮನೆ ಹಂಚಿಕೊಂಡು ಒಂದು ರೂಮು ಮಾತ್ರ ಹಿಡಿಯುವ ಕರಾರಾದರೆ ಆರು ತಿಂಗಳದ್ದು, ಒಂದು ವಾರದ ನೋಟಿಸಿನಲ್ಲಿ ಬಿಡಬಹುದು. ಹೊಸದಾಗಿ ಹೋಗುವವರು ಮೊದಲು ಇದನ್ನೇ ಮಾಡಿಕೊಳ್ಳಿ, ಒಂದು ಮಳೆಗಾಲ ನೋಡಿದ ಮೇಲೆ ಮನೆ ಹಿಡಿದರಾಯಿತು. ಸಾಮಾನಿನ ಪಟ್ಟಿ, ಫೋಟೋ, ಅಡ್ವಾನ್ಸ್ ಮೊತ್ತ ಎಲ್ಲವೂ ಕರಾರಿನಲ್ಲಿ ಇರಲಿ. ನನ್ನ ಮೊದಲ ಮಾಲೀಕರು ನೀರಿಗೆ ನೆಂದ ಹಾಸಿಗೆಯ ಹಣವನ್ನು ನನ್ನ ಅಡ್ವಾನ್ಸ್‌ನಿಂದಲೇ ಹಿಡಿದರು. ತೋರಿಸಲು ನನ್ನ ಬಳಿ ಒಂದು ಫೋಟೋ ಇರಲಿಲ್ಲ.

ಕರೆಂಟ್ ಬಿಲ್ಲಿನಲ್ಲಿ 'ರೆಸಿಡೆನ್ಷಿಯಲ್' ದರ ಇದೆಯೇ, 'ಡೊಮೆಸ್ಟಿಕ್' ದರ ಇದೆಯೇ ಕೇಳಿ. ಎರಡನೆಯದು ಯಾರೂ ಕಾಯಂ ವಾಸವಿಲ್ಲದ ಮನೆಯ ದರ, ದುಬಾರಿ. ಮನೆಯಲ್ಲಿರುವ ತಲೆ ಎಷ್ಟೆಂದು ಖಾತೆಯಲ್ಲಿ ದಾಖಲಾದರೆ ಬಿಲ್ಲು ಇಳಿಯುತ್ತದೆ.

ಊಟದ ಚಿಂತೆ ಬೇಡ. ಹಂದಿಮಾಂಸ ಎಲ್ಲ ಕಡೆ ಸಿಗುತ್ತದೆ, ಅದಕ್ಕೆ ಹಾಕುವ ನಮ್ಮ ಕೊಡಗಿನ ಹುಳಿ, ಕಾಚಂಪುಳಿ ಮಾತ್ರ ಇಲ್ಲಿಂದಲೇ ಒಯ್ಯಬೇಕು. ನಲ್ಲಿ ನೀರಿನ ಅರ್ಧಕ್ಕಿಂತ ಹೆಚ್ಚು ಪಾಲು ಕಡಲ ನೀರನ್ನು ಸಿಹಿ ಮಾಡಿದ್ದು. ಕಾಫಿಗೆ ನಾನು ಬಾಟಲಿ ನೀರೇ ಬಳಸುತ್ತಿದ್ದೆ.

ಸುಂಟಿಕೊಪ್ಪದ ಹುಡುಗಿ ನಮ್ಮ ಜಗಲಿಯಲ್ಲೇ ಕುಳಿತು ಆ ಎರಡು ಮನೆಗೂ ವಿಡಿಯೋ ಕಾಲ್ ಮಾಡಿದಳು. ರೂಮು ತೋರಿಸಿದ್ದು ಸಾಕು, ಫೋನು ಕಿಟಕಿಯಾಚೆ ತಿರುಗಿಸಿ ರಸ್ತೆ ಯಾವ ಕಡೆ ಇಳಿಯುತ್ತದೆ ತೋರಿಸಿ ಎಂದು ಕೇಳಲು ನಾನೇ ಹೇಳಿದೆ. ಇಮ್ಸೀದಾದ ಮನೆಯವರು ತಿರುಗಿಸಿದರು: ಬಾಗಿಲಿನಿಂದ ರಸ್ತೆ ಕೆಳಗಿಳಿದು ದೂರದಲ್ಲಿ ದೋಣಿಗಳ ಕಂಬ ಕಾಣಿಸಿತು. ಬಿರ್ಕಿರ್ಕಾರಾದವರು ತಿರುಗಿಸಿದಾಗ ಎರಡೂ ಕಡೆಯ ರಸ್ತೆ ಬಾಗಿಲಿನ ಕಡೆಗೇ ಇಳಿದು ಬರುತ್ತಿತ್ತು. ಅವಳು ನನ್ನ ಮುಖ ನೋಡಲೂ ಇಲ್ಲ, ಇಮ್ಸೀದಾದವರಿಗೆ ಹೂಂ ಎಂದಳು.